ಗ್ಯಾನಪ್ಪನ ಗಟಾರ

ಹುನಗುಂದ ಸೀಮೆಯ ನಮ್ಮೂರ ಮುನಸಿಪಾಲ್ಟಿಯಲ್ಲಿ ಗ್ಯಾನಪ್ಪನೆಂಬ ಮೆಂಬರನಿದ್ದ. ಮೇಲಿನ ಓಣಿಯ ಮೆಂಬರ ಮುರ್ತುಜಸಾಬ ನಕ್ಕರೂ ಇವನಿಗೆ ಹೊಟ್ಟೆಯುರಿ. ಅವನ ರುಮಾಲು ಒಂದು ಸುತ್ತು ದೊಡ್ಡದಾದರೆ ಇವನದು ಮರುದಿನವೇ ಎರಡು ಸುತ್ತು ಬೆಳೆಯುತ್ತಿತ್ತು. ಅವನು ಏನೇ ಕೇಳಲಿ, “ಮುಂದಿನ ಸಭಾಕ್ಕ ಇಡ್ರಿ ಮಾಮಲೇದಾರ ಸಾಹೇಬ್ರ, ಅವಸರೇನೈತಿ?” ಎಂದು ಸಭೆ ನಡೆಸುವ ಮಾಮಲೇದಾರರೆದುರು ಇವನು ಎದ್ದು ನಿಲ್ಲುವನು. ಹೀಗೆಯೇ ಮೇಲಿನ ಓಣಿಗೆ ಕಲ್ಲಿನ ಗಟಾರ ಕಟ್ಟಿಸುವ ಮಾತು ಮಳೆಗಾಲದಿಂದ ಮಳೆಗಾಲಕ್ಕೆ ಮುಂದೆ ಹೋಯಿತು. ಆ ಓಣಿಯ ಹೊಲಸು ನೀರು ಇಳಿದು ಬಂದು ನಿಲ್ಲುತ್ತಿದ್ದುದೋ ಗ್ಯಾನಪ್ಪನದೇ ಮಗ್ಗದ ಕುಣಿಯಲ್ಲಿ! ಹೆಂಡತಿ ಸಕ್ರವ್ವ ಅದೇ ಕೆಸರಿನಲ್ಲಿ ಕಾಲಿಳಿಬಿಟ್ಟು ಸೀರೆ ನೇಯ್ದು ನೇಯ್ದು ಅವಳ ಪಾದಗಳು ಬಾತು ಹೋಗಿದ್ದವು. ಒಮ್ಮೆ ಮುರ್ತುಜಸಾಬ ಜ್ವರದಿಂದ ಮಲಗಿ ಸಭೆಗೆ ಬರಲಿಲ್ಲ. ಅಂದು ಗಟಾರದ ಮಾತು ಬಂದಾಗ ಗ್ಯಾನಪ್ಪ ಹೂಂ ಅಂದಿದ್ದರೆ ಗಟಾರವೂ ಆಗುತ್ತಿತ್ತು, ಹೆಸರೂ ಅವನಿಗೇ ಬರುತ್ತಿತ್ತು. ಆದರೂ ಮುಂದಕ್ಕೆ ಹಾಕಿಸಿ ಮನೆಗೆ ಬಂದ. “ಇವತ್ತ ಯಾರು ಅಡ್ಡ ಬಂದಿದ್ರು ನಿಮಗ?” ಸಕ್ರವ್ವ ಸಿಡಿದಳು. “ಅವ ಎದುರಿಗಿಲ್ದ ಗೆದ್ದರ ಅದು ಗೆದ್ದಂಗೇನ?” ಅಂದ. ಅವಳು ಕುಣಿಯಿಂದೆದ್ದು ಚರಿಗೆಯನ್ನು ಅವನ ಕೈಗಿಟ್ಟಳು: “ಹಂಗಾರ ಆ ಸಾಬ್ರು ಜ್ವರದಿಂದ ಏಳೂತನಕ ಈ ನೀರು ನೀವ ತೋಡ್ರಿ.” ಗ್ಯಾನಪ್ಪ ಧೋತರ ಮೇಲೆ ಕಟ್ಟಿ ಕುಣಿಗಿಳಿದ. ತೋಡುತ್ತಲೇ ಮೆಲ್ಲಗೆ ಕೇಳಿದ: “ಸಕ್ರಿ, ಅವನ ಜ್ವರ ಬಿಟ್ಟಾವಂತೇನ?”