ಮಡಕೆಗೆ ಬೀಳದ ಕಬ್ಬಿಣದ ಮೀನು

ರಕ್ತ ಹೆಚ್ಚಲೆಂದು ಸಾರಿನಲ್ಲಿ ಕುದಿಸಲು ಮನೆಮನೆಗೂ ಪುಟ್ಟ ಕಬ್ಬಿಣದ ಮೀನು ಹಂಚಿ ಉದ್ದುದ್ದ ಭಾಷಣ ಬಿಗಿದವರು, ಮೆಕಾಂಗ್ ನದಿ ದಂಡೆಯ ಒಂದು ಊರಿನ ಮುಖ್ಯಸ್ಥ ಸಾರೀಂ. ಸಾವೊನ್ ಅಜ್ಜಿ ಮಾತ್ರ ಮೀನನ್ನು ಮಡಕೆಗೆ ಹಾಕದೆ ಒಲೆಯ ಹಿಂದೆ ಎತ್ತಿಟ್ಟಳು. ತಮ್ಮ ಭಾಷಣಕ್ಕಾದ ಅವಮಾನವಿದು ಎಂದು ಅವರು ವರ್ಷಗಟ್ಟಲೆ ಮುನಿಸಿಕೊಂಡಿದ್ದರು.

ಅಜ್ಜಿಯ ಮೊಮ್ಮಗಳು ಪಿಸೈಗೆ ಹುಟ್ಟಿನಿಂದ ತಲಸ್ಸೇಮಿಯಾ, ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ರೋಗ. ತಿಂಗಳು ತಿಂಗಳು ಹಾಕಿಸುವ ರಕ್ತವೇ ಅವಳನ್ನು ಉಳಿಸಿತ್ತು. ಆ ರಕ್ತದ ಕಬ್ಬಿಣವೇ ಹೊರಹೋಗದೆ ಹೃದಯದಲ್ಲಿ ತುಂಬುತ್ತಿತ್ತು. ಅದನ್ನು ಇಳಿಸುವ ಔಷಧಿ ಸಿಕ್ಕಿದರೆ ಸಿಕ್ಕಿತು. ಸಾರಿನಿಂದಾದರೂ ಹೆಚ್ಚದಿರಲಿ ಎಂದು ನೋಡಿಕೊಳ್ಳುವುದಷ್ಟೇ ಅಜ್ಜಿಯ ಕೈಲಾಗುತ್ತಿತ್ತು.

ಪಿಸೈಯ ಏಳನೇ ದಿನದ ತಿಥಿ ಊಟಕ್ಕೆ ಬಂದ ಸಾರೀಂ ಇದನ್ನೆಲ್ಲ ಕೇಳಿ ಗಂಟಲು ಸರಿಮಾಡಿಕೊಂಡರು.

"ಅಲ್ಲಜ್ಜಿ, ಮೈಯಲ್ಲಿ ಅಷ್ಟೊಂದು ಕಬ್ಬಿಣ ಇದ್ರೆ ಹುಡುಗಿ ಇನ್ನೂ ಗಟ್ಟಿಯಾಗ್ಬೇಕಿತ್ತಲ್ವಾ?"

"ಸತ್ತಿದ್ದೇ ಅದ್ರಿಂದ ಕಣಪ್ಪ. ಊಟ ಮಾಡು."