ಗಿರಾಕಿಗಳ ಕಡೆಗಿದ್ದ ಪರದೆ

ಮಾದಾಪುರದ ಬಸ್ ಸ್ಟ್ಯಾಂಡ್ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟಿರುವ ದಿವ್ಯಶ್ರೀಯ ಬಾಯಿ ಬಲು ಬಿಗಿ. ಯಾರ ಸಂಸಾರ ಮುರಿಯುತ್ತಿದೆ, ಯಾರ ತೋಟ ಕೋರ್ಟಿನಲ್ಲಿದೆ ಎಲ್ಲವೂ ಅವಳ ಕೈಯಲ್ಲೇ ಟೈಪಾಗುತ್ತಿತ್ತು. ಒಂದು ಮಾತೂ ಹೊಸ್ತಿಲು ದಾಟಿದ್ದಿಲ್ಲ. ತಪ್ಪಿದ್ದರೆ ಗಿರಾಕಿಯೇ ನೋಡಿ ಹೇಳಲಿ ಎಂದು ಕಂಪ್ಯೂಟರಿನ ಪರದೆಯನ್ನು ಅವರ ಕಡೆಗೇ ಅರ್ಧ ತಿರುಗಿಸಿಟ್ಟಿದ್ದಳು. ಇಮೇಲ್ ಬಿಟ್ಟಿಯದು. ಅಂಗಡಿಗೂ ಅದೇ, ಅವಳಿಗೂ ಅದೇ.

ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಾಗ ಮೈಸೂರಿನ ಆಸ್ಪತ್ರೆಗೆ ಬರೆದದ್ದೂ ಅದರಿಂದಲೇ. ಗುಟ್ಟಾಗಿ ಹೋಗಿ ಪರೀಕ್ಷೆ ಮಾಡಿಸಿ ಬಂದಳು. ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡಿದ್ದ ಅವ್ವ ಗುರುಸಿದ್ದಮ್ಮ ಆ ಹೆಸರು ಕೇಳಿದರೇ ಊಟ ಬಿಡುತ್ತಿದ್ದಳು. ರಿಪೋರ್ಟ್ ಬರುವವರೆಗೆ ಅವಳಿಗೆ ತಿಳಿಯಬಾರದಿತ್ತು.

ಆದರೆ ಇಮೇಲಿನಲ್ಲಿ ಪತ್ರಗಳ ನೆತ್ತಿಯ ಮೇಲೆ ಜಾಹೀರಾತು ಬಂದು ಕೂತಿತು. ಕ್ಯಾನ್ಸರ್ ವಿಮೆ, ಕ್ಯಾನ್ಸರ್ ತಜ್ಞರು, ಕೊನೆಗೆ ಕೂದಲು ಉದುರಿದವರಿಗೆ ವಿಗ್ಗು, ಹಲ್ಲುಕಿರಿಯುವ ಹುಡುಗಿಯ ಚಿತ್ರ ಸಮೇತ. ಅವಳು ಪರದೆ ತಿರುಗಿಸಿಕೊಳ್ಳುವಷ್ಟರಲ್ಲಿ ಮೆಣಸಿನ ಬಿಲ್ಲು ಕಳಿಸಲು ಬಂದಿದ್ದ ಕುಶಾಲಪ್ಪನವರು ಓದಿಯಾಗಿತ್ತು.

"ಎಂತ ದಿವ್ಯಾ, ಇದೆಲ್ಲ ನಿಂಗೆ ಯಾಕೆ ಬರ್ತದೆ? ನಾವು ಬರ್ದದ್ದು ನೋಡಿಯೇ ಅಲ್ವಾ ಅವ್ರು ಕಳ್ಸೋದು?"

ಬುತ್ತಿ ತಂದು ಸ್ಟೂಲಿನ ಮೇಲೆ ಕೂತಿದ್ದ ಅವ್ವನೂ ಓದಿದಳು. ಬುತ್ತಿ ಅಲ್ಲೇ ಬಿಟ್ಟು ಎದ್ದು ಮನೆಗೆ ಹೋದಳು.

ದಿವ್ಯಶ್ರೀಗೆ ಮೈಯೆಲ್ಲ ಉರಿದುಹೋಯಿತು. ಊರವರ ಗುಟ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡವಳ ಗುಟ್ಟನ್ನು ಇಮೇಲ್ ಕಂಪನಿಯವರು ಯಾವನೋ ವಿಗ್ಗಿನವನಿಗೆ ಮಾರಿಕೊಂಡಿದ್ದರು. ಬಿಟ್ಟಿ ಕೊಟ್ಟ ಮಾತ್ರಕ್ಕೆ ಪತ್ರ ಒಡೆದು ಓದುವ ಹಕ್ಕು ಬಂದುಬಿಡುತ್ತದೆಯೇ? ಪೋಸ್ಟ್‌ಮ್ಯಾನ್ ಹೀಗೆ ಮಾಡಿದ್ದರೆ ಊರು ಅವನ ಚರ್ಮ ಸುಲಿಯುತ್ತಿತ್ತು. ಇವರನ್ನು ಹಿಡಿದು ಕೇಳೋಣವೆಂದರೆ ಮುಖವೇ ಇಲ್ಲ. ಬಾಯಿಗೆ ಬಂದಂತೆ ಬೈದು ಕಂಪನಿಗೆ ಬರೆದಳು. ಸಂಪರ್ಕಿಸಿದ್ದಕ್ಕೆ ಧನ್ಯವಾದ ಎಂದು ಯಂತ್ರವೊಂದು ಉತ್ತರ ಕೊಟ್ಟಿತು. ಸೆಟ್ಟಿಂಗಿನೊಳಗೆ ಹೊಕ್ಕು ಕಂಡಕಂಡದ್ದನ್ನೆಲ್ಲ ಆಫ್ ಮಾಡಿದಳು. ವಿಗ್ಗಿನ ಹುಡುಗಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ; ಬುತ್ತಿ ತರುವ ಅವ್ವನ ಕಣ್ಣಿಗೂ ದಿನಾ ಬೀಳುತ್ತಿದ್ದಳು.

ವಾರ ಕಳೆದು ರಿಪೋರ್ಟ್ ಬಂತು. ಬರೀ ಕೊಬ್ಬಿನ ಗಂಟು, ಹೆದರಬೇಕಾದದ್ದೇನೂ ಇಲ್ಲ. ಅಂಗಡಿಗೆ ಬಾಗಿಲೆಳೆದು ಮನೆಗೆ ಓಡಿ ಅವ್ವನಿಗೆ ಓದಿ ಹೇಳಿದಳು.

"ಏನೂ ಇಲ್ಲ ಅಂದ್ರೆ ಅವ್ರು ಇನ್ನೂ ಯಾಕೆ ಆ ಕೂದ್ಲು ತೋರಿಸ್ತಾವ್ರೆ?" ಎಂದಳು ಗುರುಸಿದ್ದಮ್ಮ.

"ಅವ್ರಿಗೇನ್ ಗೊತ್ತವ್ವ? ಇದು ಡಾಕ್ಟ್ರು ಬರ್ದಿರೋದು. ನಾನು ಹೇಳ್ತಿದೀನಲ್ಲ."

ಅವ್ವ ರಿಪೋರ್ಟನ್ನು ಕೈಗೂ ತೆಗೆದುಕೊಳ್ಳಲಿಲ್ಲ.

"ನೀನು ಮುಚ್ಚಿಟ್ಟೆ. ಅವ್ರು ಮುಚ್ಚಿಡ್ಲಿಲ್ಲ."