ಬಿಸಿಲವ್ವನ ಎರಡನೇ ಸಾಲು

ಬೇಸಿಗೆಯನ್ನು ಪ್ರೀತಿಸಬೇಕೆಂದರೆ ಅದರಿಂದ ಮೂವತ್ತು ವರ್ಷ ದೂರ ಇರಬೇಕು, ತಲೆಯ ಮೇಲೆ ಫ್ಯಾನೂ ತಿರುಗುತ್ತಿರಬೇಕು. ಪುಣೆಯ ನಿಗಡಿಯಲ್ಲಿರುವ ನಾವು ಒಂದಿಷ್ಟು ಕನ್ನಡ ಕುಟುಂಬಗಳು ಈ ಎರಡೂ ಅರ್ಹತೆ ಪಡೆದವರು. ವಿಜಯಪುರ, ಕಲಬುರಗಿಯ ಬಿಸಿಲಿಗೆ ಕೈಮುಗಿದು ಬಂದವರೇ ಏಪ್ರಿಲ್ ಹತ್ತಿತೆಂದರೆ ಅದೇ ಬಿಸಿಲನ್ನು ನೆನೆದು ನಿಟ್ಟುಸಿರು ಬಿಡುತ್ತೇವೆ. ನಿಟ್ಟುಸಿರೂ ಬಿಸಿಯಾದದ್ದೇ ಆದ್ದರಿಂದ ಹವಾಮಾನಕ್ಕೆ ಅದರಿಂದ ಉಪಕಾರವೇನಿಲ್ಲ.

ಈ ವರ್ಷ ದೇಸಾಯರು ಆ ನಿಟ್ಟುಸಿರಿಗೊಂದು ಕಾರ್ಯಕ್ರಮವನ್ನೇ ಇಟ್ಟರು. ಭೋಸರಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು ಅವರು. ನಿವೃತ್ತಿಯ ಸುದ್ದಿ ಅವರ ದನಿಗೆ ಇನ್ನೂ ತಲುಪಿಲ್ಲ. ‘ನಮ್ಮ ಮನೆಯ ಬೇಸಿಗೆ ಹಾಡು’, ಭಾನುವಾರ ಬೆಳಿಗ್ಗೆ, ಸೊಸೈಟಿಯ ಹಾಲ್. ಸಿನಿಮಾ ಹಾಡು ಬೇಡ, ಚಿಕ್ಕಂದಿನಲ್ಲಿ ಮನೆಯಲ್ಲಿ ಕೇಳಿದ್ದೇ ಬೇಕು ಎಂಬ ನಿಯಮ ಕೇಳಿ ನಮ್ಮ ಖಾಯಂ ಗಾಯಕರೆಲ್ಲ ಚಪ್ಪಲಿ ನೋಡಿಕೊಳ್ಳತೊಡಗಿದರು. ಆ ಮೌನದಲ್ಲಿ ಕೇಳಿಸಿದ್ದು ನನ್ನ ದನಿ.

“ನಮ್ಮ ಅವ್ವ ಸಂಡಿಗಿ ಹಿಟ್ಟು ತಿರುವುವಾಗ ಹಾಡತಿದ್ಲರಿ. ಭಾಳ ದೊಡ್ಡ ಹಾಡು. ಮುಂಜಾನೆ ಹಿಡದ್ರ ಬಿಸಲೇರಿದ್ರೂ ಮುಗೀತಿರಲಿಲ್ಲ.”

“ಹಂಗಾದ್ರ ಪೂರಾ ಹಾಡ್ರಿ,” ಎಂದರು ದೇಸಾಯರು. “ಅರ್ಧಕ್ಕ ಬಿಟ್ಟು ಇಳಿಯೋದು ನಡಿಯಂಗಿಲ್ಲ.”

ಮನೆಗೆ ಬಂದು ಗಂಟಲು ಸರಿಪಡಿಸಿಕೊಂಡು ಕುಳಿತೆ. ಮೊದಲ ಸಾಲು ತಾನಾಗಿಯೇ ಬಂತು:

‘ಬಾರವ್ವ ಬಿಸಿಲವ್ವ, ಮಾಳಿಗಿಗೆ ಬಾರವ್ವ, ಹಾಸೀವಿ ಹಳೆ ಸೀರಿ ನಿನಗ.’

ಎಂಥ ಸಾಲು ನೋಡಿ. ನಮ್ಮ ಕವಿಗಳು ವಸಂತಕ್ಕೆ ಕೋಗಿಲೆಯನ್ನು, ಮಳೆಗಾಲಕ್ಕೆ ನವಿಲನ್ನು ಹಂಚಿಕೊಟ್ಟು, ಬೇಸಿಗೆಯ ಪಾಲಿಗೆ ಬೆವರನ್ನಷ್ಟೇ ಉಳಿಸಿದರು. ವಿಜಯಪುರದ ಬಿಸಿಲನ್ನು ಹಾಸಿಗೆ ಹಾಸಿ ಕರೆಯುವ ಧೈರ್ಯ ಸಂಡಿಗೆ ಒಣಗಬೇಕಾದ ಹೆಂಗಸರಿಗೆ ಮಾತ್ರ ಬಂತು. ಕೆಳಗೆ ಒಲೆಯ ಮುಂದೆ ಅವ್ವ, ಅತ್ತೆಯರು ಹಾಡುತ್ತಿದ್ದರೆ, ಮೇಲೆ ಮಾಳಿಗೆಯ ಮೇಲೆ ಒದ್ದೆ ಸೀರೆ ಕಾಯುತ್ತ, ಕಾಗೆ ಓಡಿಸುವ ಕೋಲು ಹಿಡಿದು ನಾನು ಕುಳಿತಿರುತ್ತಿದ್ದೆ. ಕಾಗೆ ಬಂದರೆ ಹೇಗೆ ಎಂಬ ಚಿಂತೆ ಒಂದು, ಬರದಿದ್ದರೆ ನನ್ನನ್ನು ಇಲ್ಲೇಕೆ ಕೂರಿಸಿದ್ದಾರೆ ಎಂಬ ಚಿಂತೆ ಇನ್ನೊಂದು. ವೃತ್ತಿಜೀವನ ಅಲ್ಲಿಂದಲೇ ಶುರುವಾಯಿತು ಎನ್ನಬಹುದು.

ಆದರೆ ಎರಡನೇ ಸಾಲು ಬರಲಿಲ್ಲ. ಸ್ನಾನದಲ್ಲಿ ಬರಲಿಲ್ಲ, ಬಸ್ಸಿನಲ್ಲಿ ಬರಲಿಲ್ಲ. ಹಗಲೆಲ್ಲ ಮರಾಠಿಯಲ್ಲಿ ನಟ್ಟು ಬೋಲ್ಟುಗಳ ದರ ಕೇಳುವ ನನ್ನ ಆಫೀಸಿನಲ್ಲಂತೂ ಬರುವುದೇ ಇಲ್ಲ. ಮರೆವಿನ ಲಕ್ಷಣಗಳೇನೆಂದು ಫೋನಿನಲ್ಲಿ ಓದಿದೆ. ಎಲ್ಲವೂ ನನಗಿದ್ದವು, ಓದಿದ್ದರಲ್ಲಿ ಅರ್ಧ ಮರೆತದ್ದೂ ಸೇರಿದಂತೆ. ದೇಸಾಯರ ಮುಂದೆ ಮಾನ ಹೋಗುವುದು ಹಳೆಯ ಸಂಗತಿ, ಅದಕ್ಕೆ ನಾನು ಹೊಂದಿಕೊಂಡಿದ್ದೇನೆ. ಆದರೆ ಅವ್ವ ತೀರಿಕೊಂಡ ಮೇಲೆ ಅವಳ ದನಿ ಉಳಿದಿದ್ದು ಆ ಹಾಡಿನಲ್ಲಿ. ಇವತ್ತು ಎರಡನೇ ಸಾಲು ಹೋಯಿತು, ನಾಳೆ ಮೊದಲನೆಯದು ಹೋಗುತ್ತದೆ, ಆಮೇಲೆ ದನಿಯೂ ಹೋದರೆ? ಇದನ್ನು ಹೆಂಡತಿಗೆ ಹೇಳಿದೆ.

“ಮೊನ್ನೆ ನಿಮಗ ಹಾರ್ಟ್ ಇತ್ತು,” ಎಂದಳು ಅವಳು. “ಅದು ಹೋತೇನ್ರೀ?”

ಕೊನೆಗೆ ವಿಜಯಪುರದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕನೂ ಮೊದಲ ಸಾಲು ಹೇಳಿ ನಿಂತುಬಿಟ್ಟಳು.

“ಮುಂದ ಏನೋ ಇತ್ತು ನೋಡಪಾ. ಅಷ್ಟೊತ್ತು ಹಾಡತಿದ್ಲಲ್ಲ ಅವ್ವ. ಬರೇ ಬಾಯಿಲೆ ಅಂದ್ರ ಬರವಲ್ದು. ಹಿಟ್ಟಿನ ಮುಂದ ಕುಂತ್ರ ಬರ್ತದ.”

“ಹಂಗಾದ್ರ ಕುಂದ್ರು.”

“ನಾ ಯಾಕ ಕುಂದರ್ಲಿ? ನಾ ಈಗ ಸಂಡಿಗಿ ಅಂಗಡ್ಯಾಗಿಂದ ತರತೀನಿ. ಹಾಡು ಬೇಕಾಗಿದ್ದು ನಿನಗ, ನೀ ತಿರುವು.”

ಹೀಗಾಗಿ ಶನಿವಾರ ಬೆಳಿಗ್ಗೆ ನಾನು ಗ್ಯಾಸಿನ ಮುಂದೆ ನಿಂತು ಅಕ್ಕಿಹಿಟ್ಟಿನ ಗಂಜಿ ತಿರುವತೊಡಗಿದೆ. ಫೋನು ಜೀರಿಗೆ ಡಬ್ಬಿಗೆ ಒರಗಿತ್ತು. ಅದರೊಳಗಿಂದ ಅಕ್ಕ ಹಾಡಿದಳು. ಮೊದಲ ಸಾಲು ಮುಗಿಯಿತು. ನಾನು ಉಸಿರು ಹಿಡಿದೆ. ಅಕ್ಕ ಮತ್ತೆ ಮೊದಲ ಸಾಲಿಗೇ ಹೋದಳು. ಮತ್ತೆ ಅದೇ. ಇನ್ನೇನು ಬಂತು, ಇನ್ನೇನು ಬಂತು ಎಂದು ನಾನು ತಿರುವಿದೆ. ಹಿಟ್ಟು ಗಟ್ಟಿಯಾಯಿತು, ರಟ್ಟೆ ಸೋತಿತು. ಆ ಸಾಲಿನ ಲಯಕ್ಕೇ ಕೈ ತಿರುಗುತ್ತಿರುವುದು ನನಗೆ ತಡವಾಗಿ ತಿಳಿಯಿತು.

“ಅಕ್ಕಾ, ಮುಂದ?”

ಅಕ್ಕ ನಗತೊಡಗಿದಳು. “ಮುಂದ ಏನೂ ಇಲ್ಲೋ. ಇಷ್ಟ ಇತ್ತು. ಇದನ್ನ ತಿರುಗಾ ಮುರುಗಾ ಅಂತಿದ್ಲು. ಹಿಟ್ಟು ತಳಾ ಬಿಟ್ಟತೇನು ನೋಡು.”

“ಬಿಟ್ಟದ.”

“ಹಿಟ್ಟು ಆತಂದ್ರ ಹಾಡು ಆತು. ಗ್ಯಾಸ್ ಬಂದ್ ಮಾಡು.”

ಗ್ಯಾಸ್ ಆರಿಸಿದೆ. ಇಲ್ಲದ ಸಾಲೊಂದನ್ನು ಕಳೆದುಕೊಂಡು ವಾರವಿಡೀ ಶೋಕಿಸಿದ್ದೆ. ಅವ್ವ ಎಲ್ಲಿಯೂ ಹೋಗಿರಲಿಲ್ಲ, ಒಂದು ಅಕ್ಷರವೂ ಕಡಿಮೆಯಾಗದೆ ಇದ್ದಳು. ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೆ ತೆರವಾದ ಜಾಗದಲ್ಲಿ ನಾಳೆ ದೇಸಾಯರಿಗೆ ಏನು ಹೇಳುವುದೆಂಬ ಚಿಂತೆ ತಕ್ಷಣ ಬಂದು ಕುಳಿತಿತು. ನಮ್ಮಲ್ಲಿ ಜಾಗ ಖಾಲಿ ಬಿಡುವ ಪದ್ಧತಿಯಿಲ್ಲ.

ಭಾನುವಾರ ಹಾಡಿದೆ. ಎರಡನೇ ಸಲ ಅದೇ ಸಾಲು ಬಂದಾಗ ದೇಸಾಯರು ಕತ್ತೆತ್ತಿದರು. ಮೂರನೇ ಸಲಕ್ಕೆ ಕನ್ನಡಕ ತೆಗೆದರು. ಅಷ್ಟರಲ್ಲಿ ಹಿಂದಿನ ಸಾಲಿನ ಹೆಂಗಸರು ದನಿಗೂಡಿಸಿದರು. ಮರೆಯಲು ಮುಂದೇನೂ ಇಲ್ಲದ ಹಾಡು ಎಲ್ಲರಿಗೂ ಬರುತ್ತದೆ. ಆಗ ನನಗೆ ಹೊಳೆದದ್ದು ಇನ್ನೊಂದು ಸಂಕಟ: ಹಿಟ್ಟಿಲ್ಲದೆ ಈ ಹಾಡನ್ನು ನಿಲ್ಲಿಸುವುದು ಹೇಗೆ? ದಿಕ್ಕು ತೋಚದೆ ಹೆಂಡತಿಯ ಕಡೆ ನೋಡಿದೆ. ಅವಳು ಕುಳಿತಲ್ಲಿಂದಲೇ ಗ್ಯಾಸಿನ ಗುಂಡಿ ತಿರುಗಿಸುವಂತೆ ಬೆರಳು ತಿರುಗಿಸಿದಳು. ನಿಲ್ಲಿಸಿದೆ.

“ಇಷ್ಟ ಏನ್ರಿ ಹಾಡು?” ಎಂದರು ದೇಸಾಯರು.

“ಪೂರಾ ಹಾಡೀನ್ರಿ,” ಎಂದೆ. ಬಹಳ ದಿನಗಳ ಮೇಲೆ ಅವರಿಗೆ ನಿಜ ಹೇಳಿದ್ದೆ.

ಮನೆಗೆ ಬಂದರೆ ಬಾಲ್ಕನಿಯಲ್ಲಿ ಹೆಂಡತಿಯ ಹಳೆಯ ಸೀರೆಯ ಮೇಲೆ ನನ್ನ ಸಂಡಿಗೆ ಅರ್ಧ ಒಣಗಿ ಕುಳಿತಿತ್ತು. ಆಕಾಶದ ಮೂಲೆಯಲ್ಲಿ ಅಂಗೈಯಷ್ಟು ಮೋಡ.

“ಮೋಡ ಬಂದ್ರ ಹೆಂಗ?” ಎಂದೆ. “ಸಂಡಿಗಿ ಹಸೀನ ಉಳದ್ರ? ಬೂಷ್ಟು ಹಿಡದ್ರ? ಅದನ್ನ ತಿಂದು ಯಾರಿಗರೆ ಏನರೆ ಆದ್ರ?”

ಹೆಂಡತಿ ಸೀರೆಯ ಚುಂಗು ಬಿಸಿಲಿಗೆ ಎಳೆಯುತ್ತ ಹೇಳಿದಳು: “ನಿಮ್ಮ ಚಿಂತಿನೂ ನಿಮ್ಮ ಅವ್ವನ ಹಾಡಿನಂಗ ಒಂದ ಸಾಲಿಂದು ನೋಡ್ರಿ. ಲಗ್ನಾದಾಗಿಂದ ಕೇಳಾಕತ್ತೀನಿ, ಮುಂದಿನ ಸಾಲು ಇವತ್ತ ಬರ್ತದ, ನಾಳೆ ಬರ್ತದ ಅಂತ.”

ಕಾಗೆ ಓಡಿಸಲು ಇರಲೆಂದು ಅಡುಗೆಮನೆಯಿಂದ ಲಟ್ಟಣಿಗೆ ತಂದುಕೊಂಡು ಸೀರೆಯ ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ಅವಳೂ ಬಂದು ಕುಳಿತಳು. ಒಂದೇ ಸಾಲಿನ ಚಿಂತೆಯಾದರೂ ಹಿಟ್ಟು ತಳ ಬಿಡುವತನಕ ಹಾಡಬೇಕಲ್ಲ, ಇಬ್ಬರಿದ್ದರೆ ರಟ್ಟೆ ಅಷ್ಟು ನೋಯುವುದಿಲ್ಲ.